ಹಸಿರು ವೈರ್ ಎಲ್ಲಿಗೆ ಹೋಗುತ್ತದೆ? ಮರಗೆಲಸದ ಮಷಿನ್‌ಗಳಿಗೆ ಅರ್ಥಿಂಗ್ ಮತ್ತು ಜೋಪಾನದ ಬಳಕೆ

ಜುಲೈ ತಿಂಗಳ ಮಳೆ. ನಮ್ಮ ಶೆಡ್ಡಿನ ಸಿಮೆಂಟ್ ನೆಲ ಮಳೆಗಾಲ ಪೂರ್ತಿ ಬೆವರಿದ ಹಾಗೆ ಒದ್ದೆಯಾಗಿಯೇ ಇರುತ್ತದೆ. ಟೇಬಲ್ ಗರಗಸದ ಮೇಲೆ ಹಲಸಿನ ಹಲಗೆ ಇಟ್ಟು ತಳ್ಳುತ್ತಿದ್ದೆ. ಮೊಣಕೈ ಮಷಿನ್ನಿನ ಅಂಚಿಗೆ ತಾಗಿತು. ಜುಮ್ ಅಂತು. ಕೈ ತಾನಾಗಿ ಹಿಂದಕ್ಕೆ ಬಂತು, ಹಲಗೆ ಅರ್ಧ ಕೊಯ್ದಲ್ಲೇ ನಿಂತಿತು, ಬ್ಲೇಡ್ ಮಾತ್ರ ತಿರುಗುತ್ತಲೇ ಇತ್ತು.

"ಒಂದು ವಾರದಿಂದ ಹಾಗೇ ಇದೆ ಅಣ್ಣ. ಚಪ್ಪಲಿ ಹಾಕ್ಕೊಂಡ್ರೆ ಹೊಡೆಯಲ್ಲ" ಅಂದ ಜೊತೆಗೆ ಕೆಲಸ ಮಾಡುವ ಹುಡುಗ.

ಮೇನ್ ಆಫ್ ಮಾಡಿ ಮಷಿನ್ನಿನ ಪ್ಲಗ್ ಬಿಚ್ಚಿ ನೋಡಿದೆ. ಕೆಂಪು ವೈರ್ ಸ್ಕ್ರೂ ಕೆಳಗಿತ್ತು, ಕಪ್ಪು ವೈರೂ ಇತ್ತು. ಹಸಿರು ವೈರನ್ನು ಮಾತ್ರ ಹಿಂದಕ್ಕೆ ಮಡಚಿ, ಕೇಬಲ್‌ಗೆ ಒತ್ತಿಟ್ಟು, ಮೇಲೆ ಕಪ್ಪು ಟೇಪನ್ನು ನೀಟಾಗಿ ಸುತ್ತಿದ್ದರು. ಮಷಿನ್ ಜೋಡಿಸಿಕೊಟ್ಟವರು ಮಾಡಿದ ಕೆಲಸ ಅದು. ಮೋಟರ್ ಓಡಲು ಆ ವೈರ್ ಬೇಕಿಲ್ಲವಲ್ಲ. ಹಾಗಾಗಿ ಅದು ಇಲ್ಲ ಅನ್ನೋದು ತಿಂಗಳುಗಟ್ಟಲೆ ಯಾರಿಗೂ ಗೊತ್ತಾಗಲಿಲ್ಲ.

ಅವತ್ತಿನಿಂದ ಯಾವ ಶೆಡ್ಡಿಗೆ ಹೋದರೂ "ಅರ್ಥಿಂಗ್ ಇದೆಯಾ?" ಎಂದು ನಾನು ಕೇಳುವುದಿಲ್ಲ. ಕೇಳಿದರೆ ಎಲ್ಲರೂ ಇದೆ ಅಂತಲೇ ಹೇಳುತ್ತಾರೆ. ಹಸಿರು ವೈರ್ ಹಿಡಿದು ಮಷಿನ್ನಿನಿಂದ ಮಣ್ಣಿನವರೆಗೆ ಹೋಗುತ್ತೇನೆ. ಈ ಲೇಖನವೂ ಅದೇ ದಾರಿಯಲ್ಲಿ ಹೋಗುತ್ತದೆ. ಮೊದಲು ಕರೆಂಟಿನ ವಿಷಯ, ಆಮೇಲೆ ಬ್ಲೇಡಿನದು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಪ್ಲಗ್ ಮತ್ತು ಎಕ್ಸ್‌ಟೆನ್ಷನ್ ಬಾಕ್ಸ್ ನೀವೇ ಬಿಚ್ಚಿ ನೋಡಬಹುದು, ಗೋಡೆಯಿಂದ ಕಿತ್ತ ಮೇಲೆ. ಸಾಕೆಟ್, ಬೋರ್ಡ್, ಅರ್ಥ್ ಗುಂಡಿ (ಹಸಿರು ವೈರ್ ಕೊನೆಗೆ ಮಣ್ಣಿಗೆ ಸೇರುವ ಜಾಗ) ಇವೆಲ್ಲ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೆಲಸ. ಅವರ ಪಕ್ಕ ನಿಂತು ನೋಡಿ, ಕೇಳಿ. ಕೈ ಹಾಕಬೇಡಿ.

ಹಸಿರು ವೈರಿನ ಕೆಲಸ ಏನು?

ಮಷಿನ್ ಒಳಗೆ ಫೇಸ್ ವೈರಿನ, ಅಂದರೆ ಕರೆಂಟ್ ತರುವ ವೈರಿನ, ಇನ್ಸುಲೇಷನ್ ಎಲ್ಲೋ ಸವೆಯುತ್ತದೆ. ಅಥವಾ ಮೋಟರಿನ ಟರ್ಮಿನಲ್ ಡಬ್ಬಿಯಲ್ಲಿ ಮರದ ಹೊಟ್ಟು ತುಂಬಿ, ಮಳೆಗಾಲದಲ್ಲಿ ತೇವ ಹೀರಿ ಕೂರುತ್ತದೆ. ನಮ್ಮ ಮಷಿನ್ನಿನಲ್ಲಿ ಆಗಿದ್ದು ಇದೇ. ಆಗ ಕಬ್ಬಿಣದ ಬಾಡಿಗೇ ಕರೆಂಟ್ ಬರುತ್ತದೆ. ಹಸಿರು ವೈರ್ ಸರಿಯಾಗಿದ್ದರೆ ಆ ಕರೆಂಟು ಬಾಡಿಯಿಂದ ಸುಲಭವಾಗಿ ಮಣ್ಣಿಗೆ ಇಳಿಯುತ್ತದೆ, ಬೋರ್ಡಿನಲ್ಲಿ ಸರಿಯಾದ ಸ್ವಿಚ್ಚು ಇದ್ದರೆ (ಹೆಜ್ಜೆ 5 ನೋಡಿ) ಅದು ಬೀಳುತ್ತದೆ, ಅಂದರೆ ತಾನಾಗಿ ಆಫ್ ಆಗುತ್ತದೆ. ವೈರ್ ಇಲ್ಲದಿದ್ದರೆ ಕರೆಂಟು ಸುಮ್ನೆ ಬಾಡಿಯಲ್ಲೇ ಕಾದು ಕೂರುತ್ತದೆ. ನಿಮ್ಮ ಕೈ ತಾಗಿದ ಕೂಡಲೇ ನಿಮ್ಮ ಮೈಯೇ ಆ ವೈರ್ ಆಗುತ್ತದೆ.

ಎಷ್ಟು ಕರೆಂಟ್ ಸಾಕು ಗೊತ್ತಾ? ಸುಮಾರು 1 ಮಿಲಿ ಆಂಪಿಯರ್‌ಗೆ ಜುಮ್ ಅನ್ನುತ್ತದೆ. 10 ಮಿಲಿ ಆಂಪಿಯರ್ ಆಸುಪಾಸಿನಲ್ಲಿ ಸ್ನಾಯು ಬಿಗಿದುಕೊಂಡು ಹಿಡಿದದ್ದನ್ನು ಬಿಡಲು ಆಗುವುದಿಲ್ಲ. 30 ದಾಟಿ ಸ್ವಲ್ಪ ಹೊತ್ತು ಹರಿದರೆ ಎದೆಬಡಿತ ತಪ್ಪುವ ಅಪಾಯ ಶುರುವಾಗುತ್ತದೆ. ಒದ್ದೆ ಕೈ, ಒದ್ದೆ ಕಾಲು, 230 ವೋಲ್ಟ್ ಸೇರಿದರೆ ಮೈಯಲ್ಲಿ 200 ಮಿಲಿ ಆಂಪಿಯರ್ ಹರಿಯುವುದು ಕಷ್ಟವೇನಲ್ಲ. "ಸ್ವಲ್ಪ ಕರೆಂಟ್ ಹೊಡೀತದೆ ಅಷ್ಟೇ" ಎಂದು ವಾರ ತಳ್ಳುವವರು ಚಪ್ಪಲಿಯ ದಪ್ಪದ ಮೇಲೆ ಜೀವ ಇಟ್ಟಿದ್ದಾರೆ. ಜುಮ್ ಅಂದ ಮಷಿನ್ ಅದೇ ನಿಮಿಷ ಬಂದ್ ಆಗಬೇಕು. ಪ್ಲಗ್ ಕಿತ್ತು, "ಕೆಟ್ಟಿದೆ" ಎಂದು ಚೀಟಿ ಅಂಟಿಸಿ.

ಹೆಜ್ಜೆ 1: ಮಷಿನ್ ಯಾವ ಜಾತಿಯದು ನೋಡಿ

ಕೈಯಲ್ಲಿ ಹಿಡಿಯುವ ಡ್ರಿಲ್, ಸರ್ಕ್ಯುಲರ್ ಸಾ, ಪ್ಲೇನರ್, ರೂಟರ್ ತಿರುಗಿಸಿ ಅದರ ಮೇಲಿನ ಪಟ್ಟಿ ಓದಿ. ಒಂದು ಚೌಕದೊಳಗೆ ಇನ್ನೊಂದು ಚಿಕ್ಕ ಚೌಕದ ಗುರುತು ಇದ್ದರೆ ಅದು ಡಬಲ್ ಇನ್ಸುಲೇಟೆಡ್. ಒಳಗೆ ಎರಡು ಪದರ ರಕ್ಷಣೆ ಇರುತ್ತದೆ. ಅದರ ಕೇಬಲ್‌ನಲ್ಲಿ ಎರಡೇ ವೈರ್, ಅರ್ಥ್ ಬೇಕಿಲ್ಲ. ನೀವಾಗಿ ಸೇರಿಸಲೂ ಹೋಗಬೇಡಿ. ಈಗಿನ ಒಳ್ಳೆ ಕಂಪನಿಗಳ ಕೈ ಮಷಿನ್‌ಗಳು ಹೆಚ್ಚಿನವು ಹೀಗೇ ಬರುತ್ತವೆ.

ಆದರೆ ಆ ಎರಡು ಪದರ ಬಾಡಿ ಗಟ್ಟಿ ಇರುವ ತನಕ ಮಾತ್ರ. ಬಿದ್ದು ಒಡೆದ ಡ್ರಿಲ್ಲಿಗೆ ಎಂಸೀಲ್ ಮೆತ್ತಿ ಓಡಿಸುವುದು, ಮಳೆಯಲ್ಲಿ ನೆನೆದ ಕಟ್ಟರನ್ನು ಬಿಸಿಲಿಗಿಟ್ಟು ಅರ್ಧ ಗಂಟೆಗೆ ಮತ್ತೆ ಹಿಡಿಯುವುದು, ಇವೆರಡೂ ಬೇಡ.

ನೆಲದ ಮೇಲೆ ಕೂರುವ ದೊಡ್ಡ ಮಷಿನ್‌ಗಳ ಕಥೆ ಬೇರೆ. ಟೇಬಲ್ ಸಾ, ಕಂಬೈಂಡ್ ಪ್ಲೇನರ್, ಬ್ಯಾಂಡ್ ಸಾ, ಲೇತ್, ಏರ್ ಕಂಪ್ರೆಸರ್. ಇವೆಲ್ಲ ಕಬ್ಬಿಣದ ಬಾಡಿ, ಬೆಲ್ಟ್ ಹಾಕಿದ ಮೋಟರ್. ಇವಕ್ಕೆ ಅರ್ಥ್ ಇರಲೇಬೇಕು. ಇನ್ನೊಂದು ಸಂಗತಿ: ಮೋಟರಿಗೆ ಅರ್ಥ್ ಕೊಟ್ಟು ಸ್ಟ್ಯಾಂಡಿಗೆ ಕೊಡದೆ ಬಿಡುತ್ತಾರೆ. ನಡುವೆ ರಬ್ಬರ್ ಪ್ಯಾಡ್, ದಪ್ಪ ಪೇಂಟ್ ಇದ್ದರೆ ಸ್ಟ್ಯಾಂಡಿಗೆ ಅರ್ಥ್ ಸಿಕ್ಕಿರುವುದಿಲ್ಲ. ಪೇಂಟ್ ಕೆರೆದು, ಬರಿ ಕಬ್ಬಿಣ ಕಂಡ ಮೇಲೆ, ಲಗ್ (ವೈರಿನ ತುದಿಗೆ ಹಾಕುವ ಲೋಹದ ಬಳೆ) ಹಾಕಿ ನಟ್ಟು ಬೋಲ್ಟಿನಿಂದ ಬಿಗಿಸಬೇಕು. ವೈರನ್ನು ಬೋಲ್ಟಿಗೆ ಸುತ್ತಿ ಬಿಟ್ಟರೆ ಮಷಿನ್ನಿನ ನಡುಕಕ್ಕೆ ಆರು ತಿಂಗಳಲ್ಲಿ ಸಡಿಲವಾಗುತ್ತದೆ.

ಹೆಜ್ಜೆ 2: ಪ್ಲಗ್ ಬಿಚ್ಚಿ

ನಮ್ಮ ಮೂರು ಪಿನ್ನಿನ ಪ್ಲಗ್ಗಿನಲ್ಲಿ ಮೇಲಿನ ಪಿನ್ ದಪ್ಪ, ಉದ್ದ. ಅದೇ ಅರ್ಥ್. ಸುಮ್ನೆ ಉದ್ದ ಮಾಡಿದ್ದಲ್ಲ. ಸಿಕ್ಕಿಸುವಾಗ ಎಲ್ಲಕ್ಕಿಂತ ಮೊದಲು ಅದು ತಾಗಬೇಕು, ಕೀಳುವಾಗ ಎಲ್ಲಕ್ಕಿಂತ ಕೊನೆಗೆ ಬಿಡಬೇಕು. ಸಾಕೆಟ್ಟಿಗೆ ಹೋಗುತ್ತಿಲ್ಲ ಎಂದು ಆ ಪಿನ್ನನ್ನೇ ಕತ್ತರಿಸಿ ಬಳಸುವುದನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ.

ಒಳಗೆ ಮೂರು ವಿಷಯ ನೋಡಿ. ಹಸಿರು, ಅಥವಾ ಹಸಿರು-ಹಳದಿ ಪಟ್ಟೆಯ ವೈರ್ ಅರ್ಥ್ ಪಿನ್ನಿನ ಸ್ಕ್ರೂ ಕೆಳಗೆ ಬಿಗಿಯಾಗಿ ಇದೆಯಾ? ಕೇಬಲ್ಲಿನ ಹೊರ ಪದರವನ್ನು ಕ್ಲಿಪ್ ಹಿಡಿದಿದೆಯಾ, ಅಥವಾ ಎಳೆತವೆಲ್ಲ ಸ್ಕ್ರೂಗಳ ಮೇಲೇ ಬೀಳುತ್ತಿದೆಯಾ? ಹಸಿರು ವೈರನ್ನು ಉಳಿದ ಎರಡಕ್ಕಿಂತ ಒಂದಿಷ್ಟು ಉದ್ದ ಬಿಟ್ಟಿದ್ದಾರಾ? ಉದ್ದ ಬಿಟ್ಟಿದ್ದರೆ, ಯಾರೋ ಕೇಬಲ್ ಎಡವಿ ಎಳೆದರೂ ಫೇಸ್, ನ್ಯೂಟ್ರಲ್ (ಕರೆಂಟ್ ವಾಪಸ್ ಹೋಗುವ ವೈರ್) ಮೊದಲು ಕಿತ್ತು ಬರುತ್ತವೆ, ಅರ್ಥ್ ಕೊನೆಗೆ.

ಬಣ್ಣದಲ್ಲಿ ಒಂದು ದೊಡ್ಡ ಗೊಂದಲ ಇದೆ. ಹೊಸ ಮಷಿನ್‌ಗಳ ಕೇಬಲ್‌ನಲ್ಲಿ ಕಂದು ಫೇಸ್, ನೀಲಿ ನ್ಯೂಟ್ರಲ್. ನಮ್ಮ ಕಟ್ಟಡಗಳ ವೈರಿಂಗ್‌ನಲ್ಲಿ ಕಪ್ಪು ನ್ಯೂಟ್ರಲ್. ತ್ರೀ ಫೇಸ್ ಇದ್ದಲ್ಲಿ ಕೆಂಪು, ಹಳದಿ, ನೀಲಿ ಮೂರೂ ಫೇಸ್! ಅಂದರೆ ಕೇಬಲ್ಲಿನ ನೀಲಿ ನ್ಯೂಟ್ರಲ್, ಬೋರ್ಡಿನ ನೀಲಿ ಫೇಸ್. ನೀಲಿಗೆ ನೀಲಿ ಸೇರಿಸಿದರೆ ಏನಾಗುತ್ತದೆ ಯೋಚಿಸಿ. ಬಣ್ಣ ನಂಬಿ ಜೋಡಿಸಬೇಡಿ, ಟರ್ಮಿನಲ್ ಮೇಲಿನ ಗುರುತು ನೋಡಿ.

ಹೆಜ್ಜೆ 3: ಎಕ್ಸ್‌ಟೆನ್ಷನ್ ಬಾಕ್ಸ್

ಅರ್ಥ್ ತಪ್ಪಿಹೋಗುವುದು ಎಲ್ಲಕ್ಕಿಂತ ಜಾಸ್ತಿ ಇಲ್ಲಿ. ಮರದ ಅಥವಾ ಪ್ಲಾಸ್ಟಿಕ್ ಡಬ್ಬಿಗೆ ಮೂರು ತೂತಿನ ಸಾಕೆಟ್ ಕೂರಿಸಿರುತ್ತಾರೆ. ನೋಡಲು ಚೆಂದ. ಹಿಂದಿನಿಂದ ಬರುವ ವೈರ್ ಮಾತ್ರ ಎರಡೇ ಎಳೆಯದು. ಆ ಮೂರನೇ ತೂತು ಬರೀ ತೋರಿಕೆ. ಡಬ್ಬಿ ಬಿಚ್ಚಿ ನೋಡುವವರೆಗೆ ಗೊತ್ತಾಗುವುದಿಲ್ಲ. ಹಾಗಾಗಿ ಶೆಡ್ಡಿನಲ್ಲಿ ಇರುವ ಎಲ್ಲ ಬಾಕ್ಸನ್ನೂ ಒಂದು ದಿನ ಕೂತು ಬಿಚ್ಚಿ.

ವೈರಿನ ದಪ್ಪವೂ ಮುಖ್ಯ. ಲೆಕ್ಕ ಸುಲಭ: ವ್ಯಾಟ್ ಅನ್ನು 230ರಿಂದ ಭಾಗಿಸಿ. 600 ವ್ಯಾಟಿನ ಡ್ರಿಲ್ 2.6 ಆಂಪಿಯರ್ ಎಳೆಯುತ್ತದೆ. 1,400 ವ್ಯಾಟಿನ ಸರ್ಕ್ಯುಲರ್ ಸಾ 6 ಆಂಪಿಯರ್. 2 ಎಚ್‌ಪಿ ಸಿಂಗಲ್ ಫೇಸ್ ಟೇಬಲ್ ಸಾ ಲೋಡ್ ಬಿದ್ದಾಗ 10 ಆಂಪಿಯರ್ ಹತ್ತಿರ, ಮತ್ತು ಸ್ಟಾರ್ಟ್ ಆಗುವ ಆ ಒಂದೆರಡು ಸೆಕೆಂಡ್ ಅದರ ಐದಾರು ಪಟ್ಟು. ಡ್ರಿಲ್ಲಿಗೆ ನಡೆಯುವ ತೆಳು ವೈರು ಗರಗಸಕ್ಕೆ ಸಾಲದು. ನಾನು ಸರ್ಕ್ಯುಲರ್ ಸಾ ಮತ್ತು ಪ್ಲೇನರಿಗೆ 1.5 ಸ್ಕ್ವೇರ್ ಎಂಎಂ ಮೂರು ಎಳೆಯ ಕೇಬಲ್, ಉದ್ದ ಜಾಸ್ತಿ ಬೇಕಾದರೆ ಅಥವಾ ದೊಡ್ಡ ಮೋಟರಿಗೆ 2.5 ಸ್ಕ್ವೇರ್ ಎಂಎಂ ಬಳಸುತ್ತೇನೆ. ದೊಡ್ಡ ಮೋಟರಿಗೆ 16 ಆಂಪಿಯರ್ ಪ್ಲಗ್ಗೇ ಬೇಕು.

ಕೇಬಲ್ಲನ್ನು ಸುರುಳಿ ಸುತ್ತಿಟ್ಟೇ ಬಳಸಬೇಡಿ. ಪೂರ್ತಿ ಬಿಡಿಸಿ. ಸುರುಳಿಯೊಳಗೆ ಬಿಸಿ ಹೊರಗೆ ಹೋಗದೆ ಇನ್ಸುಲೇಷನ್ ಕರಗುತ್ತದೆ. ಸುತ್ತ ಒಣ ಹೊಟ್ಟು ಬಿದ್ದಿರುವ ಜಾಗದಲ್ಲಿ ಅದು ಬೆಂಕಿಗೆ ದಾರಿ. ಅರ್ಧ ಗಂಟೆ ಕೆಲಸದ ನಂತರ ಪ್ಲಗ್ ಮುಟ್ಟಿ ನೋಡಿ. ಬಿಸಿ ಹತ್ತಿದ್ದರೆ ಎಲ್ಲೋ ಸಡಿಲ ಇದೆ ಅಥವಾ ವೈರ್ ಸಣ್ಣದಾಯಿತು.

ಹೆಜ್ಜೆ 4: ಸಾಕೆಟ್, ಮತ್ತು ಒಂದು ಕೆಟ್ಟ ಚಾಳಿ

ಸಾಕೆಟ್ಟಿಗೆ ಎದುರಾಗಿ ನಿಂತರೆ ಮೇಲಿನ ತೂತು ಅರ್ಥ್, ಬಲಗಡೆ ಫೇಸ್, ಎಡಗಡೆ ನ್ಯೂಟ್ರಲ್. ಎಲೆಕ್ಟ್ರಿಷಿಯನ್‌ಗೆ ಹೇಳಿ ಮಲ್ಟಿಮೀಟರಿನಲ್ಲಿ ನೋಡಿಸಿ. ಫೇಸ್-ನ್ಯೂಟ್ರಲ್ ನಡುವೆ 230 ಹತ್ತಿರ, ಫೇಸ್-ಅರ್ಥ್ ನಡುವೆಯೂ ಅಷ್ಟೇ, ನ್ಯೂಟ್ರಲ್-ಅರ್ಥ್ ನಡುವೆ ಒಂದೆರಡು ವೋಲ್ಟ್ ಬರಬೇಕು. ಆದರೆ ಮೀಟರಿನಲ್ಲಿ 230 ಬಂದ ಮಾತ್ರಕ್ಕೆ ಅರ್ಥ್ ಗಟ್ಟಿ ಇದೆ ಎಂದಲ್ಲ. ಮೀಟರ್ ಎಳೆಯುವ ಕರೆಂಟ್ ಬಹಳ ಕಡಿಮೆ. ತುಕ್ಕು ಹಿಡಿದ ಒಂದೇ ಎಳೆ ಉಳಿದಿದ್ದರೂ ಅದು 230 ತೋರಿಸುತ್ತದೆ.

ಇನ್ನು ಆ ಚಾಳಿ. ಅರ್ಥ್ ವೈರ್ ಎಳೆಯದ ಹಳೇ ವೈರಿಂಗ್ ಇದ್ದಲ್ಲಿ, ಸಾಕೆಟ್ಟಿನ ಹಿಂದೆ ನ್ಯೂಟ್ರಲ್ ಸ್ಕ್ರೂನಿಂದ ಅರ್ಥ್ ಸ್ಕ್ರೂಗೆ ಒಂದಂಗುಲದ ತುಂಡು ವೈರ್ ಹಾಕಿ ಬಿಡುತ್ತಾರೆ. ಮೀಟರ್ ಇಟ್ಟು ನೋಡಿ, ಎಲ್ಲ ಸರಿ ತೋರಿಸುತ್ತದೆ. ಈಗ ಗಾಳಿಮಳೆಗೆ ಎಲ್ಲೋ ನ್ಯೂಟ್ರಲ್ ಕಡಿಯಿತು ಅಂದುಕೊಳ್ಳಿ. ಫೇಸ್ ಮೋಟರಿನ ಸುರುಳಿ ಹಾದು ನ್ಯೂಟ್ರಲ್ಲಿಗೆ ಬಂದು, ಮುಂದೆ ದಾರಿಯಿಲ್ಲದೆ, ಆ ತುಂಡು ವೈರಿನಿಂದ ಮಷಿನ್ನಿನ ಬಾಡಿಗೆ ಬರುತ್ತದೆ. ಮಷಿನ್ ಒಳಗೆ ಏನೂ ಕೆಟ್ಟಿಲ್ಲ, ಆದರೂ ಬಾಡಿಯಲ್ಲಿ 230 ವೋಲ್ಟ್. ಕಂಬದಲ್ಲಿ ಲೈನ್ ರಿಪೇರಿ ಮಾಡುವಾಗ ಫೇಸ್-ನ್ಯೂಟ್ರಲ್ ಅದಲು ಬದಲಾದರಂತೂ ಸ್ವಿಚ್ ಹಾಕುವ ಮೊದಲೇ ಬಾಡಿಗೆ ಕರೆಂಟ್ ಬಂದಿರುತ್ತದೆ. ಅರ್ಥೇ ಇಲ್ಲದ ಸಾಕೆಟ್ಟಿಗಿಂತ ಇದು ಕೆಟ್ಟದ್ದು. ನಿಮ್ಮ ಸಾಕೆಟ್ಟುಗಳ ಹಿಂದೆ ಆ ತುಂಡು ಇದೆಯಾ ಎಂದು ಒಂದು ಸಲ ತೆಗೆಸಿ ನೋಡಿ.

ನೀರಿನ ಪೈಪಿಗೆ ಅರ್ಥ್ ಕಟ್ಟುವುದೂ ಹಾಗೆಯೇ. ಈಗ ಅರ್ಧ ದಾರಿ ಪಿವಿಸಿ. ಕರೆಂಟು ಮಣ್ಣಿಗೆ ಹೋಗದೆ ನಲ್ಲಿಗೆ ಬರುತ್ತದೆ.

ಹೆಜ್ಜೆ 5: ಬೋರ್ಡಿನಲ್ಲಿ ಎಂಸಿಬಿ ಜೊತೆ ಆರ್‌ಸಿಸಿಬಿ ಇದೆಯಾ?

ಇದನ್ನು ನಿಧಾನವಾಗಿ ಓದಿ. ಎಂಸಿಬಿ ಅಂದರೆ ಮಿತಿ ಮೀರಿ ಕರೆಂಟ್ ಹರಿದರೆ ತಾನಾಗಿ ಬೀಳುವ ಬೋರ್ಡಿನ ಸ್ವಿಚ್. "ಎಂಸಿಬಿ ಹಾಕಿಸಿದ್ದೀನಿ, ಏನಾದ್ರೂ ಆದ್ರೆ ಬೀಳುತ್ತೆ" ಎನ್ನುವ ನಂಬಿಕೆ ಎಲ್ಲ ಕಡೆ ಇದೆ. ಲೆಕ್ಕ ಹಾಕಿ ನೋಡೋಣ.

ನಿಮ್ಮ ಅರ್ಥ್ ಗುಂಡಿಯ ರೆಸಿಸ್ಟೆನ್ಸ್, ಅಂದರೆ ಕರೆಂಟಿಗೆ ಅದು ಒಡ್ಡುವ ತಡೆ, 10 ಓಮ್ ಇದೆ ಅಂದುಕೊಳ್ಳಿ. ಬೇಸಿಗೆಯಲ್ಲಿ ಒಣಗಿದ ಗುಂಡಿಗೆ ಇದು ಜಾಸ್ತಿಯೇನಲ್ಲ. ಬಾಡಿಗೆ ಫೇಸ್ ತಾಗಿದರೆ ಹರಿಯುವ ಕರೆಂಟ್ 230 ಭಾಗಿಸು 10, ಅಂದರೆ ಹೆಚ್ಚೆಂದರೆ 23 ಆಂಪಿಯರ್. ಮೋಟರಿಗೆ ಸಾಮಾನ್ಯವಾಗಿ ಹಾಕುವ 16 ಆಂಪಿಯರಿನ 'ಸಿ' ಮಾದರಿ ಎಂಸಿಬಿ ಫಟ್ ಅಂತ ಬೀಳಬೇಕಾದರೆ ಅದರ ಐದರಿಂದ ಹತ್ತು ಪಟ್ಟು, ಅಂದರೆ 80ರಿಂದ 160 ಆಂಪಿಯರ್ ಬೇಕು. 23ಕ್ಕೆ ಅದು ನಿಧಾನವಾಗಿ ಬಿಸಿಯಾಗುತ್ತಾ ಕೂರುತ್ತದೆ. ಬೀಳಲು ಒಂದು ಗಂಟೆಯ ಹತ್ತಿರವೂ ಹಿಡಿಯಬಹುದು. ಅಷ್ಟೂ ಹೊತ್ತು ನಿಮ್ಮ ಟೇಬಲ್ ಸಾ ಮೈಮೇಲೆ ಜೀವ ತೆಗೆಯುವಷ್ಟು ವೋಲ್ಟೇಜ್ ಇರುತ್ತದೆ. ಅರ್ಥಿಂಗ್ ಇದೆ, ಎಂಸಿಬಿ ಇದೆ, ಆದರೂ ಶಾಕ್ ಹೊಡೆಯುತ್ತದೆ. ಎಂಸಿಬಿ ಇರುವುದು ವೈರ್ ಸುಡದಂತೆ ಕಾಯಲು. ಮನುಷ್ಯರನ್ನು ಕಾಯಲು ಬೇರೆ ಬೇಕು.

ಅದೇ ಆರ್‌ಸಿಸಿಬಿ. ಹಳಬರು ಇಎಲ್‌ಸಿಬಿ ಅನ್ನುತ್ತಾರೆ. ಫೇಸಿನಲ್ಲಿ ಹೋದ ಕರೆಂಟು ನ್ಯೂಟ್ರಲ್ಲಿನಲ್ಲಿ ಪೂರ್ತಿ ವಾಪಸ್ ಬಂತಾ ಎಂದು ಅದು ತೂಗುತ್ತಿರುತ್ತದೆ. 30 ಮಿಲಿ ಆಂಪಿಯರ್ ಎಲ್ಲಿಗೋ ಸೋರಿಹೋದರೆ 0.3 ಸೆಕೆಂಡಿನೊಳಗೆ, ಅದರ ಐದು ಪಟ್ಟು ಸೋರಿದರೆ 0.04 ಸೆಕೆಂಡಿನೊಳಗೆ ಕರೆಂಟ್ ಕಡಿಯುತ್ತದೆ. ಕೊಳ್ಳುವಾಗ 30 ಮಿಲಿ ಆಂಪಿಯರಿನದ್ದೇ ಕೇಳಿ. 100 ಮತ್ತು 300ರದ್ದೂ ಅಂಗಡಿಯಲ್ಲಿ ಸಿಗುತ್ತವೆ. ಮನುಷ್ಯರ ಜೀವಕ್ಕೆ ಅವು ಸಾಲವು.

ಆರ್‌ಸಿಸಿಬಿ ಇದ್ದರೆ ಅರ್ಥ್ ಬೇಡವಾ ಎಂದು ಕೇಳುವವರಿದ್ದಾರೆ. ಬೇಕು. ಅರ್ಥ್ ಇದ್ದರೆ, ಇನ್ಸುಲೇಷನ್ ಹೋದ ಕ್ಷಣವೇ ಕರೆಂಟ್ ಹಸಿರು ವೈರಿನಲ್ಲಿ ಸೋರಿ ಸ್ವಿಚ್ ಬೀಳುತ್ತದೆ, ಯಾರೂ ಮುಟ್ಟುವ ಮೊದಲೇ. ಅರ್ಥ್ ಇಲ್ಲದಿದ್ದರೆ ನೀವು ಮುಟ್ಟಿ, ನಿಮ್ಮ ಮೈಯಲ್ಲಿ ಹರಿದ ಮೇಲೆ ಬೀಳುತ್ತದೆ. ಬದುಕಬಹುದು, ಆದರೆ ಆ ಜರ್ಕ್‌ಗೆ ಕೈ ಬ್ಲೇಡಿನ ಕಡೆ ಹೋದರೆ?

ಆರ್‌ಸಿಸಿಬಿ ಮೇಲೆ 'ಟಿ' ಎಂಬ ಬಟನ್ ಇರುತ್ತದೆ. ತಿಂಗಳಿಗೊಮ್ಮೆ ಒತ್ತಿ. ಟಕ್ ಎಂದು ಬೀಳಬೇಕು. ಬೀಳದಿದ್ದರೆ ಅವತ್ತೇ ಬದಲಾಯಿಸಿ. ನೆನಪಿರಲಿ, ಆ ಬಟನ್ ಒಳಗಿನ ಯಂತ್ರವನ್ನು ಮಾತ್ರ ಪರೀಕ್ಷಿಸುತ್ತದೆ. ಅರ್ಥ್ ವೈರ್ ಕಿತ್ತುಹೋಗಿದ್ದರೂ ಅದು ಟಕ್ ಅನ್ನುತ್ತದೆ.

ಮಳೆಗಾಲದಲ್ಲಿ ಆರ್‌ಸಿಸಿಬಿ ಪದೇ ಪದೇ ಬೀಳುತ್ತದೆ ಎಂದು ಅದನ್ನೇ ಬೈಪಾಸ್ ಮಾಡಿಸುವವರಿದ್ದಾರೆ. ಅದು ಬೀಳುತ್ತಿದೆ ಅಂದರೆ ಎಲ್ಲೋ ನಿಜವಾಗಿ ಸೋರುತ್ತಿದೆ, ಇಲ್ಲವೇ ಬೇರೆ ಸರ್ಕ್ಯೂಟಿನ ನ್ಯೂಟ್ರಲ್ ಇದಕ್ಕೆ ಬೆರೆತಿದೆ. ಎಲ್ಲ ಪ್ಲಗ್ ಕಿತ್ತು, ಒಂದೊಂದೇ ಸಿಕ್ಕಿಸುತ್ತಾ ಬಂದರೆ ಯಾವ ಮಷಿನ್ ಎಂದು ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ. ಹಾಗೆಯೇ, 16ರ ಎಂಸಿಬಿ ಬೀಳುತ್ತದೆ ಎಂದು 32ರದ್ದು ಹಾಕಿಸಿದರೆ ಮುಂದೆ ಸುಡುವುದು ಗೋಡೆಯೊಳಗಿನ ವೈರ್.

ಒಂದು ಮಿತಿ ಹೇಳಲೇಬೇಕು. ಒಂದು ಕೈಯಲ್ಲಿ ಫೇಸ್, ಇನ್ನೊಂದರಲ್ಲಿ ನ್ಯೂಟ್ರಲ್ ಹಿಡಿದರೆ ಆರ್‌ಸಿಸಿಬಿಗೆ ಅದು ಬಲ್ಬಿನ ಹಾಗೇ ಕಾಣುತ್ತದೆ. ಬೀಳುವುದಿಲ್ಲ.

ಹೆಜ್ಜೆ 6: ಮಣ್ಣಿನವರೆಗೆ ಹೋಗಿ

ಬೋರ್ಡಿನಿಂದ ಹೊರಟ ಅರ್ಥ್ ವೈರ್ ಹಿಡಿದು ಹೊರಗೆ ಬನ್ನಿ. ಎಷ್ಟೋ ಕಡೆ ಗೋಡೆಯ ಬುಡದಲ್ಲಿ ಒಂದು ತುಂಡು ಸರಳು ಚುಚ್ಚಿ, ಅದಕ್ಕೆ ವೈರ್ ಸುತ್ತಿ ಮುಗಿಸಿರುತ್ತಾರೆ. ಕೈಯಲ್ಲಿ ಎಳೆದರೆ ಬರುತ್ತದೆ!

ಅರ್ಥಿಂಗ್‌ಗೆ ನಮ್ಮ ದೇಶದ ಮಾನದಂಡ ಐಎಸ್ 3043. ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪ್ ಆದರೆ ಒಳವ್ಯಾಸ 38 ಮಿ.ಮೀ.ಗೆ ಕಡಿಮೆ ಇಲ್ಲದ್ದು, ಎರಡೂವರೆ ಮೀಟರ್ ಉದ್ದ, ನೆಟ್ಟಗೆ ಮಣ್ಣಿಗೆ. ಕಟ್ಟಡದಿಂದ ಒಂದೂವರೆ ಮೀಟರ್ ದೂರ. ಪೈಪಿನ ಸುತ್ತ ಇದ್ದಿಲು, ಉಪ್ಪು ಪದರ ಪದರವಾಗಿ ತುಂಬುವುದು ಹಳೇ ಪದ್ಧತಿ. ಉಪ್ಪು ವರ್ಷಗಳಲ್ಲಿ ಕರಗಿ ಹೋಗುತ್ತದೆ, ಪೈಪನ್ನೂ ತಿನ್ನುತ್ತದೆ. ಈಗ ಬೆಂಟೊನೈಟ್ (ಒಂದು ಬಗೆಯ ಜೇಡಿಮಣ್ಣು) ಥರದ ಪುಡಿ ತುಂಬುವ ರೆಡಿಮೇಡ್ ಅರ್ಥಿಂಗ್ ಸಿಗುತ್ತದೆ. ತುಸು ದುಬಾರಿ, ಆದರೆ ತೇವ ಹಿಡಿದಿಡುತ್ತದೆ. ಮೇಲೆ ಇಟ್ಟಿಗೆಯ ಚಿಕ್ಕ ಕಟ್ಟೆ, ಮುಚ್ಚಳ ಇರಲಿ. ಕ್ಲ್ಯಾಂಪ್ ಕಣ್ಣಿಗೆ ಕಾಣುವಂತಿರಬೇಕು, ಮಣ್ಣಲ್ಲಿ ಹೂತಿರಬಾರದು.

ನೆಲವೂ ಲೆಕ್ಕಕ್ಕೆ ಬರುತ್ತದೆ. ಕರಾವಳಿಯ ಮುರಕಲ್ಲು, ಕೋಲಾರ-ಚಿತ್ರದುರ್ಗದ ಕಡೆಯ ಬಂಡೆ ನೆಲ ಕರೆಂಟನ್ನು ಸುಲಭಕ್ಕೆ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಅಲ್ಲಿ ಒಂದು ಪೈಪ್ ಸಾಲದೆ ಎರಡು ಮೂರು ಹಾಕಿ ಜೋಡಿಸಬೇಕಾಗುತ್ತದೆ. ಉತ್ತರ ಕರ್ನಾಟಕದ ಎರೆಮಣ್ಣು ತೇವ ಇದ್ದಾಗ ಬಹಳ ಒಳ್ಳೆಯದು. ಏಪ್ರಿಲ್ ಹೊತ್ತಿಗೆ ಬಿರುಕು ಬಿಟ್ಟು ಪೈಪಿನಿಂದಲೇ ದೂರ ಸರಿಯುತ್ತದೆ. ಯಾವ ಮಣ್ಣಾದರೂ ಫೆಬ್ರವರಿಯಿಂದ ಮೇವರೆಗೆ ವಾರಕ್ಕೆ ಮೂರ್ನಾಲ್ಕು ಬಕೆಟ್ ನೀರು ಗುಂಡಿಗೆ ಹಾಕಿ. ತುಳಸಿಗೆ ನೀರು ಹಾಕುವಷ್ಟೇ ಅಭ್ಯಾಸ ಆಗಲಿ.

ಗುಂಡಿ ಎಷ್ಟು ಓಮ್ ಇದೆ ಎಂದು ಅಳೆಯಲು ಅರ್ಥ್ ಟೆಸ್ಟರ್ ಬೇಕು. ಎರಡು ಚಿಕ್ಕ ಸರಳು ಮಣ್ಣಿಗೆ ಚುಚ್ಚಿ ಅಳೆಯುತ್ತಾರೆ. ವರ್ಷಕ್ಕೊಮ್ಮೆ, ಕಡು ಬೇಸಿಗೆಯಲ್ಲಿ ಅಳೆಸಿ. ಮಳೆಗಾಲದಲ್ಲಿ ಯಾವ ಗುಂಡಿಯೂ ಚೆನ್ನಾಗೇ ತೋರಿಸುತ್ತದೆ. 5 ಓಮ್‌ಗಿಂತ ಕೆಳಗೆ ಬಂದರೆ ನೆಮ್ಮದಿ. ಬಂದ ಅಂಕಿ, ತಾರೀಖು ಬೋರ್ಡಿನ ಬಾಗಿಲ ಮೇಲೆ ಬರೆದಿಡಿ.

ಕರೆಂಟ್ ಹೋಗಿ ಬಂದಾಗ

ಟೇಬಲ್ ಸಾ ಓಡುತ್ತಿದೆ, ಕರೆಂಟ್ ಹೋಯಿತು. ಟೀ ಕುಡಿಯಲು ಹೋದಿರಿ. ಸ್ವಿಚ್ ಆನ್‌ನಲ್ಲೇ ಇದೆ. ಅಷ್ಟರಲ್ಲಿ ಯಾರೋ ಟೇಬಲ್ ಮೇಲಿನ ಹೊಟ್ಟು ಕೈಯಲ್ಲಿ ಗುಡಿಸುತ್ತಿದ್ದಾರೆ. ಕರೆಂಟ್ ಬಂತು.

ಸಾದಾ ಸ್ವಿಚ್ ಹಾಕಿದ ದೊಡ್ಡ ಮಷಿನ್ ನನ್ನ ಪ್ರಕಾರ ಇರಲೇಬಾರದು. ತೋಟದ ಪಂಪ್‌ಸೆಟ್ಟಿಗೆ ಹಾಕುವ ಹಾಗೆ ಹಸಿರು-ಕೆಂಪು ಬಟನ್ನಿನ ಸ್ಟಾರ್ಟರ್ ಹಾಕಿಸಿ. ಅದರೊಳಗಿನ ನೋ-ವೋಲ್ಟ್ ಕಾಯಿಲ್ ಕರೆಂಟ್ ಹೋದ ಕೂಡಲೇ ಬಿಟ್ಟುಕೊಳ್ಳುತ್ತದೆ. ಕರೆಂಟ್ ಬಂದರೂ ನೀವು ಹಸಿರು ಬಟನ್ ಒತ್ತುವವರೆಗೆ ಮಷಿನ್ ಸುಮ್ಮನಿರುತ್ತದೆ. ಓವರ್‌ಲೋಡ್ ರಿಲೇ ಇರುವುದರಿಂದ ಮೋಟರೂ ಉಳಿಯುತ್ತದೆ. ಕೈ ಮಷಿನ್‌ಗಳಿಗೆ ಇದಿಲ್ಲ. ಕರೆಂಟ್ ಹೋದ ತಕ್ಷಣ ಪ್ಲಗ್ ಕೀಳುವ ಅಭ್ಯಾಸವೇ ದಾರಿ. ಲಾಕ್ ಬಟನ್ ಒತ್ತಿ ಬಿಡುವುದು, ಟ್ರಿಗರಿಗೆ ಟೇಪ್ ಸುತ್ತುವುದು ಬೇಡವೇ ಬೇಡ.

ಬ್ಲೇಡಿನ ಹತ್ತಿರ

ನಮ್ಮ ಕಡೆ ಪ್ಲೈವುಡ್ ಕೊಯ್ಯಲು ಮಾರ್ಬಲ್ ಕಟ್ಟರ್ ಬಳಸುವುದು ಬಹಳ ರೂಢಿ. ಹಗುರ, ಅಗ್ಗ. ಕಲ್ಲಿಗೆಂದು ಮಾಡಿದ ಮಷಿನ್ನಿಗೆ ಹಲ್ಲಿನ ಬ್ಲೇಡ್ ಹಾಕಿ ಮರಕ್ಕೆ ಹಿಡಿಯುತ್ತಾರೆ. 110 ಮಿ.ಮೀ. ಬ್ಲೇಡ್ ನಿಮಿಷಕ್ಕೆ 12,000 ಸುತ್ತು ತಿರುಗಿದರೆ ಅದರ ಹಲ್ಲು ಗಂಟೆಗೆ ಸುಮಾರು 250 ಕಿ.ಮೀ. ವೇಗದಲ್ಲಿ ಓಡುತ್ತಿರುತ್ತದೆ. ಮರಕ್ಕೆಂದೇ ಮಾಡಿದ ಸರ್ಕ್ಯುಲರ್ ಸಾ ಎತ್ತಿದ ಕೂಡಲೇ ಸ್ಪ್ರಿಂಗ್ ಗಾರ್ಡ್ ಬ್ಲೇಡನ್ನು ಮುಚ್ಚುತ್ತದೆ. ಮಾರ್ಬಲ್ ಕಟ್ಟರಿಗೆ ಅದಿಲ್ಲ. ತಿರುಗುತ್ತಿರುವಾಗಲೇ ತೊಡೆಯ ಮೇಲೆ ಇಳಿಸಿದರೆ ಮುಗಿಯಿತು. ಕೈಲಾದಷ್ಟು ಬೇಗ ಸರ್ಕ್ಯುಲರ್ ಸಾ ಕೊಳ್ಳಿ ಎಂದೇ ನಾನು ಹೇಳುವುದು. ಗ್ರೈಂಡರಿಗೆ ಮರದ ಹಲ್ಲಿನ ಬ್ಲೇಡ್ ಹಾಕುವುದಂತೂ ಯಾರೂ ಮಾಡಬೇಡಿ. ಯಾವ ಬ್ಲೇಡ್ ಕೊಂಡರೂ ಅದರ ಮೇಲೆ ಬರೆದ ಗರಿಷ್ಠ ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು) ನಿಮ್ಮ ಮಷಿನ್ನಿನ ಆರ್‌ಪಿಎಂಗಿಂತ ಜಾಸ್ತಿ ಇರಬೇಕು.

ಟೇಬಲ್ ಸಾದಲ್ಲಿ ಬೆರಳು ಹೋಗುವುದಕ್ಕೆ ದೊಡ್ಡ ಕಾರಣ ಹಲಗೆ ಹಿಂದಕ್ಕೆ ಒದೆಯುವುದು. ಬ್ಲೇಡಿನ ಮುಂಭಾಗದ ಹಲ್ಲು ಕೆಳಕ್ಕೆ ಕಡಿಯುತ್ತದೆ, ಹಿಂಭಾಗದ್ದು ಮೇಲಕ್ಕೆ ಏಳುತ್ತದೆ. ಕೊಯ್ದ ಸೀಳು ಕೂಡಿಕೊಂಡು ಹಿಂದಿನ ಹಲ್ಲನ್ನು ಹಿಡಿದರೆ ಅದು ಹಲಗೆಯನ್ನು ಎತ್ತಿ ನಿಮ್ಮ ಹೊಟ್ಟೆಗೆ ಎಸೆಯುತ್ತದೆ. ಕೈ ಆಯ ತಪ್ಪಿ ಬ್ಲೇಡಿನ ಮೇಲೆ ಬೀಳುತ್ತದೆ. ಹಸಿ ಅಕೇಶಿಯಾ, ಗಂಟಿರುವ ಹಲಸು, ಬಾಗಿದ ಹಲಗೆ ಇದಕ್ಕೆ ಹೆಸರುವಾಸಿ. ಬ್ಲೇಡಿನ ಹಿಂದೆ ಸೀಳು ಕೂಡದಂತೆ ನಿಲ್ಲುವ ಒಂದು ತಗಡಿನ ಚಾಕು ಇರುತ್ತದೆ, ಅಡ್ಡ ಬರುತ್ತದೆ ಎಂದು ಕಿತ್ತಿಡುತ್ತಾರೆ. ಅದನ್ನು ಹುಡುಕಿ ವಾಪಸ್ ಹಾಕಿ. ಬ್ಲೇಡಿನ ನೇರಕ್ಕೆ ನಿಲ್ಲದೆ ಒಂದು ಪಕ್ಕಕ್ಕೆ ನಿಲ್ಲಿ. ಬ್ಲೇಡ್ ಹಲಗೆಗಿಂತ ಒಂದು ಹಲ್ಲಿನಷ್ಟು ಮೇಲೆ ಬಂದರೆ ಸಾಕು. ಕೊನೆಯ ಒಂದು ಗೇಣು ಕೈಯಲ್ಲಿ ತಳ್ಳಬೇಡಿ, ತಳ್ಳುಕೋಲು ಮಾಡಿಕೊಳ್ಳಿ. ಚೂರು ಪ್ಲೈವುಡ್ಡಿಗೆ ಹಕ್ಕಿಯ ಕೊಕ್ಕಿನ ಹಾಗೆ ಒಂದು ಕಚ್ಚು ಕೊಯ್ದರೆ ಆಯಿತು. ನಾಲ್ಕೈದು ಮಾಡಿಟ್ಟರೆ ಹುಡುಕುವ ಗೋಜಿಲ್ಲ.

ಕೈಗವಸು ಹಾಕಿ ತಿರುಗುವ ಬ್ಲೇಡ್, ಡ್ರಿಲ್, ಲೇತ್ ಹತ್ತಿರ ಹೋಗಬೇಡಿ. ಗವಸಿನ ಒಂದು ಎಳೆ ಸಿಕ್ಕರೂ ಕೈ ಪೂರ್ತಿ ಎಳೆದುಕೊಳ್ಳುತ್ತದೆ. ಹೆಗಲ ಮೇಲಿನ ಟವೆಲ್, ಲುಂಗಿಯ ತುದಿ, ಜೋಲುವ ತೋಳಿನ ಅಂಗಿಯೂ ಅಷ್ಟೇ. ಬ್ಲೇಡ್ ಬದಲಿಸುವಾಗ ಸ್ವಿಚ್ ಆಫ್ ಸಾಲದು, ಪ್ಲಗ್ ಕಿತ್ತು ಕಣ್ಣೆದುರು ಇಟ್ಟುಕೊಳ್ಳಿ. ಪ್ಲೇನರನ್ನು ಪೂರ್ತಿ ನಿಂತ ಮೇಲೇ ಕೆಳಗಿಡಿ. ಕೇಬಲ್ ಯಾವಾಗಲೂ ಹೆಗಲ ಹಿಂದಿನಿಂದ ಬರಲಿ. ತನ್ನದೇ ಕೇಬಲ್ ಕೊಯ್ದುಕೊಂಡ ಕಟ್ಟರುಗಳು ಬಹಳ.

ಕಣ್ಣಿಗೆ ಕನ್ನಡಕ, ಕಿವಿಗೆ ಪ್ಲಗ್. ಮೂಗಿನ ವಿಷಯ ಸ್ವಲ್ಪ ಒತ್ತಿ ಹೇಳುತ್ತೇನೆ. ಮರದ ಧೂಳು ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಮೊದಲ ಗುಂಪಿಗೇ ಸೇರಿಸಿದೆ. ಮುಖಕ್ಕೆ ಕಟ್ಟಿದ ಟವೆಲ್ ನುಣುಪಾದ ಧೂಳನ್ನು ತಡೆಯುವುದಿಲ್ಲ. ಎನ್95 ಮಾಸ್ಕ್ ಹಾಕಿ, ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಕೊಯ್ಯುವಾಗಲಂತೂ ತಪ್ಪದೆ. ಸಂಜೆ ಮೋಟರಿನ ಮೇಲಿನ, ಸ್ವಿಚ್ ಬೋರ್ಡಿನ ಮೇಲಿನ ಹೊಟ್ಟು ಬ್ರಶ್‌ನಿಂದ ಒರೆಸಿ. ನಮ್ಮ ಮಷಿನ್ನಿಗೆ ಬಾಡಿಯಲ್ಲಿ ಕರೆಂಟ್ ಬಂದದ್ದು ಆ ಹೊಟ್ಟಿನಿಂದಲೇ.

ನಿಲ್ಲುವ ಜಾಗಕ್ಕೆ ರಬ್ಬರ್ ಮ್ಯಾಟ್, ಕಾಲಿಗೆ ಒಣ ಬೂಟು. ಚಾವಣಿ ಸೋರುವ ಕಡೆ ಮಷಿನ್ ಬೇಡ.

ಆದರೂ ಏನಾದರೂ ಆದರೆ

ಯಾರಿಗಾದರೂ ಶಾಕ್ ಹೊಡೆದು ಹಿಡಿದುಕೊಂಡರೆ ಅವರನ್ನು ಮುಟ್ಟಬೇಡಿ. ಮೇನ್ ಆಫ್ ಮಾಡಿ. ಮೇನ್ ಎಲ್ಲಿದೆ ಎಂದು ಶೆಡ್ಡಿಗೆ ಬರುವ ಎಲ್ಲರಿಗೂ ಗೊತ್ತಿರಬೇಕು. ಅದರ ಮುಂದೆ ಹಲಗೆ ಒಟ್ಟಬೇಡಿ. ಆಫ್ ಮಾಡಲು ಆಗದಿದ್ದರೆ ಒಣ ಜಾಗದಲ್ಲಿ ನಿಂತು, ಒಣಗಿದ ಮರದ ರೀಪಿನಿಂದ ಅಥವಾ ಪ್ಲಾಸ್ಟಿಕ್ ಕುರ್ಚಿಯಿಂದ ದೂರ ತಳ್ಳಿ. ಹಸಿ ಮರ ಬೇಡ, ಅದರಲ್ಲಿ ನೀರಿದೆ.

108ಕ್ಕೆ ಫೋನ್ ಮಾಡಿಸಿ. ಉಸಿರು ಇಲ್ಲದಿದ್ದರೆ ಎದೆಯ ನಡುವೆ ಎರಡೂ ಕೈ ಇಟ್ಟು ಒತ್ತಲು ಶುರು ಮಾಡಿ. ಗಟ್ಟಿಯಾಗಿ, ಐದು ಸೆಂಟಿಮೀಟರ್ ಒಳಗೆ ಹೋಗುವಂತೆ, ನಿಮಿಷಕ್ಕೆ 100ರಿಂದ 120 ಸಲ. ಆಂಬುಲೆನ್ಸ್ ಬರುವವರೆಗೆ ಅಥವಾ ಅವರು ಅಲುಗಾಡುವವರೆಗೆ ನಿಲ್ಲಿಸಬೇಡಿ. ಒಬ್ಬರಿಗೆ ಸುಸ್ತಾದರೆ ಇನ್ನೊಬ್ಬರು ಮುಂದುವರಿಸಿ.

ಬೆರಳು ತುಂಡಾದರೆ ಗಾಯವನ್ನು ಶುದ್ಧ ಬಟ್ಟೆಯಿಂದ ಬಿಗಿ ಒತ್ತಿ, ಕೈ ಮೇಲಕ್ಕೆತ್ತಿ ಹಿಡಿಯಿರಿ. ತುಂಡಾದ ಬೆರಳನ್ನು ಒದ್ದೆ ಮಾಡಿದ ಶುದ್ಧ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ, ಆ ಕವರನ್ನು ಐಸ್ ನೀರಿನಲ್ಲಿ ಇಡಿ. ಐಸಿಗೆ ನೇರವಾಗಿ ತಾಗಿದರೆ ಮಾಂಸ ಸತ್ತುಹೋಗುತ್ತದೆ.

ಶಾಕ್ ಹೊಡೆದವರು ಎದ್ದು ಕೂತು "ಏನಿಲ್ಲ, ಆರಾಮಿದ್ದೀನಿ" ಎಂದರೂ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಇಸಿಜಿ ಮಾಡಿಸಿ. ಎದೆಬಡಿತದ ಏರುಪೇರು ಹೊರಗಿನಿಂದ ಕಾಣುವುದಿಲ್ಲ. ಆ ಮಷಿನ್ನನ್ನು ಎಲೆಕ್ಟ್ರಿಷಿಯನ್ ಬಂದು ಹಸಿರು ವೈರ್ ಹಿಡಿದು ಗುಂಡಿಯವರೆಗೆ ಹೋಗಿ ಬರುವ ತನಕ ಯಾರೂ ಆನ್ ಮಾಡಬಾರದು.